ಅಂಗಡಿ ಮುಚ್ಚುವಾಗ ಕಂಪ್ಯೂಟರ್ ಏನು ಮಾಡುವುದು?

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹಳೆಯ ಅಂಗಡಿ ಬಾಗಿಲು ಹಾಕಿದರೆ ಕಪಾಟು, ತಕ್ಕಡಿಗೆ ಗಿರಾಕಿ ಸಿಕ್ಕಾರು. ಕಂಪ್ಯೂಟರ್ ಮಾತ್ರ ತೂಕದ ಲೆಕ್ಕದಲ್ಲಿ ಗುಜರಿಗೇ. ಭದ್ರಾವತಿಯಲ್ಲಿ ನಿವೃತ್ತರಾಗಿ ಕ್ವಾರ್ಟರ್ಸ್ ಬಿಟ್ಟು ಮಕ್ಕಳ ಊರಿಗೆ ಹೊರಡುವವರ ಮನೆಯಲ್ಲೂ ಇದೇ ಪಾಡು. ಗುಜರಿಯವರನ್ನು ಕರೆಯುವ ಮೊದಲು ಕೆಲವು ಕೆಲಸಗಳಿವೆ.

ಮೊದಲು ಲೆಕ್ಕ. ಅಂಗಡಿ ಮುಚ್ಚಿದರೂ ಜಿಎಸ್‌ಟಿ ಕಾಯ್ದೆ ಬಿಡುವುದಿಲ್ಲ. ಅದರ 36ನೇ ಸೆಕ್ಷನ್ನಿನಂತೆ, ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕದ ಪುಸ್ತಕಗಳನ್ನು ಕಾಪಾಡಬೇಕು. 2024–25ರ ಲೆಕ್ಕಕ್ಕೆ ಆ ಗಡುವು 2025ರ ಡಿಸೆಂಬರ್ 31; ಅಂದರೆ 2031ರ ಕೊನೆಯವರೆಗೆ ನಿಮ್ಮದೇ ಹೊಣೆ. ಟ್ಯಾಲಿಯ ಡೇಟಾ ಫೋಲ್ಡರಿನಲ್ಲಿ ಒಂದೊಂದು ಕಂಪನಿಗೂ ಅಂಕಿಯ ಹೆಸರಿನ ಫೋಲ್ಡರ್ ಇರುತ್ತದೆ. ಇಡೀ ಫೋಲ್ಡರನ್ನು ಎರಡು ಕಡೆ ನಕಲು ಮಾಡಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ, ಪಾಸ್‌ವರ್ಡ್ ಬರೆದಿಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನಂತೂ ಬ್ಯಾಕಪ್ ಎನ್ನುವುದಿಲ್ಲ. ಟ್ಯಾಲಿ ಲೈಸೆನ್ಸನ್ನು ಹಳೆಯ ಯಂತ್ರದಿಂದ ಸರೆಂಡರ್ ಮಾಡಿದರೆ ಬೇರೆಡೆ ಬಳಸಬಹುದು.

ಕನ್ನಡದವರಿಗೆ ಇನ್ನೊಂದು ಪೇಚಿದೆ. ಸಂಘದ ಆಮಂತ್ರಣ, ಅಪ್ಪ ಬರೆದ ನೆನಪುಗಳು, ವಂಶಾವಳಿ ಇವೆಲ್ಲ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಇದ್ದರೆ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತವೆ. ಹಳೆಯ ಯಂತ್ರ ಓಡುತ್ತಿರುವಾಗಲೇ ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸಿ.

ಇನ್ನು ಅಳಿಸುವುದು. ಡಿಲೀಟ್ ಒತ್ತುವುದೆಂದರೆ ಖಾತೆ ಪುಸ್ತಕದ ಪರಿವಿಡಿ ಹರಿದಂತೆ: ಒಳಪುಟಗಳ ಲೆಕ್ಕ ಅಲ್ಲೇ ಇರುತ್ತದೆ, ಹುಡುಕಿ ತೆಗೆಯುವ ತಂತ್ರಾಂಶಗಳೂ ಇವೆ. ಕ್ವಿಕ್ ಫಾರ್ಮ್ಯಾಟ್ ಕೂಡ ಅಷ್ಟೇ. ವಿಂಡೋಸ್ 10 ಅಥವಾ 11ರಲ್ಲಿ ‘ರಿಸೆಟ್’ ಮಾಡುವಾಗ ಎಲ್ಲವನ್ನೂ ತೆಗೆಯುವ ಆಯ್ಕೆಯ ಜೊತೆಗೆ ‘ಕ್ಲೀನ್ ಡೇಟಾ’ವನ್ನೂ ಆನ್ ಮಾಡಿ; ಗಂಟೆಗಟ್ಟಲೆ ಹಿಡಿದರೂ ಕಾಯಿರಿ. ಯಂತ್ರ ಆನ್ ಆಗದಿದ್ದರೆ ಕ್ಯಾಬಿನೆಟ್ ಬಿಚ್ಚಿ ಹಾರ್ಡ್ ಡಿಸ್ಕನ್ನೇ ಕಳಚಿಕೊಳ್ಳಿ. ಸ್ಕ್ರೂ ಡ್ರೈವರ್ ಒಂದಿದ್ದರೆ ಸಾಕು. ಕೆಟ್ಟ ಯಂತ್ರದೊಳಗೂ ಡಿಸ್ಕ್ ಚೆನ್ನಾಗಿಯೇ ಇರಬಹುದು ಎಂಬುದನ್ನು ಅನೇಕರು ಮರೆಯುತ್ತಾರೆ.

ಹಿಂಬದಿಯ ಯುಎಸ್‌ಬಿಯಲ್ಲಿ ಡಿಜಿಟಲ್ ಸಹಿಯ ಟೋಕನ್ ಸಿಕ್ಕಿಕೊಂಡಿದೆಯೇ ನೋಡಿ. ಅದು ಗುಜರಿಗೆ ಹೋದರೆ ನಿಮ್ಮ ಸಹಿಯೇ ಹೋದ ಹಾಗೆ. ಮೊಬೈಲಿನಲ್ಲಿ ವಾಟ್ಸಾಪ್‌ನ ‘ಲಿಂಕ್ಡ್ ಡಿವೈಸಸ್’ ತೆರೆದು ಆ ಕಂಪ್ಯೂಟರನ್ನು ಲಾಗೌಟ್ ಮಾಡಿ, ಜಿಮೇಲ್‌ನಿಂದಲೂ ಹೊರಬನ್ನಿ.

ಯಾರಿಗೆ ಕೊಡುವುದು? ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಾಗೆಂದು ಯಂತ್ರ ಕೆಟ್ಟಿತು ಎಂದಲ್ಲ. 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಹಾಕಿ ಓದುವ ಹುಡುಗರಿಗೆ ಕೊಡಬಹುದು. ಪೂರ್ತಿ ಹಾಳಾದದ್ದಕ್ಕೆ ನೋಂದಾಯಿತ ಮರುಬಳಕೆದಾರರು ಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಹೇಳುವುದೂ ಅದನ್ನೇ. ಡಬ್ಬದಂಥ ಹಳೆಯ ಮಾನಿಟರಿನ ಗಾಜಿನಲ್ಲಿ ಸೀಸವಿದೆ, ಒಡೆಯಬೇಡಿ. ಯುಪಿಎಸ್ ಬ್ಯಾಟರಿಯಲ್ಲೂ ಸೀಸವೇ. ಅದನ್ನು ಬೇರೆ ತೆಗೆದು ಬ್ಯಾಟರಿ ಅಂಗಡಿಗೆ ಕೊಡಿ.