ಕೀಲಿಕೈ ಸಿಕ್ಕ ಮೇಲೆ: ರಾಂಜಣಗಾಂವದ ಹೊಸ ಮನೆ

ಪುಣೆಯಲ್ಲಿ ಮನೆ ತಗೊಂಡಿದ್ದೇವೆ ಎಂದರೆ ನೆಂಟರು ಕೇಳುವ ಮೊದಲ ಪ್ರಶ್ನೆ, "ಎಲ್ಲಿ?" ರಾಂಜಣಗಾಂವ ಎಂದರೆ ಎರಡನೆಯ ಪ್ರಶ್ನೆ, "ಅದು ಪುಣೆ ಹೌದೇನು?" ಜಿಲ್ಲೆ ಪುಣೆಯೇ. ತಾಲೂಕು ಶಿರೂರು. ಪುಣೆ ನಗರದಿಂದ ಸುಮಾರು 50 ಕಿ.ಮೀ. ದೂರ, ಅಹಿಲ್ಯಾನಗರಕ್ಕೆ, ಅಂದರೆ ಹಿಂದಿನ ಅಹಮದ್‌ನಗರಕ್ಕೆ, ಹೋಗುವ ಹೆದ್ದಾರಿಯ ಮೇಲೆ. ವಿಳಾಸ ಬರೆಯುವಾಗ 'ರಾಂಜಣಗಾಂವ ಗಣಪತಿ' ಎಂದು ಪೂರ್ತಿ ಬರೆಯಬೇಕು. ಛತ್ರಪತಿ ಸಂಭಾಜಿನಗರದ ವಾಳೂಜ್ ಪಕ್ಕದಲ್ಲಿ ರಾಂಜಣಗಾಂವ ಶೇಣಪುಂಜಿ ಎಂಬ ಇನ್ನೊಂದು ಊರಿದೆ. ಪಾರ್ಸೆಲ್ಲುಗಳು ಅಲ್ಲಿಗೆ ಹೋಗಿ ಕೂತುಬಿಡುತ್ತವೆ!

ಈ ಊರಿಗೆ ಹೆಸರು ಬಂದದ್ದು ಎರಡು ಕಾರಣಕ್ಕೆ. ಒಂದು, ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ಇಲ್ಲಿನ ಮಹಾಗಣಪತಿ. ತ್ರಿಪುರಾಸುರನನ್ನು ಕೊಲ್ಲುವ ಮುಂಚೆ ಶಿವನು ಗಣಪತಿಯನ್ನು ನೆನೆದ ಜಾಗ ಇದೇ ಎಂದು ಪುರಾಣ ಹೇಳುತ್ತದೆ. ಪೇಶ್ವೆ ಮಾಧವರಾಯರು ಇಲ್ಲಿ ಗರ್ಭಗುಡಿ ಕಟ್ಟಿಸಿದರೆಂದು ಪ್ರತೀತಿ. ಇನ್ನೊಂದು ಎಂಐಡಿಸಿ, ಅಂದರೆ ಮಹಾರಾಷ್ಟ್ರ ಸರಕಾರದ ಕೈಗಾರಿಕಾ ಪ್ರದೇಶ. ನಮ್ಮ ಕಡೆಯ ಕೆಐಎಡಿಬಿ ಇದ್ದ ಹಾಗೆ. ಟಿವಿ, ಫ್ರಿಜ್, ಕಾರು ಎಲ್ಲವೂ ಇಲ್ಲಿ ತಯಾರಾಗುತ್ತವೆ. ಜೀಪ್ ಕಂಪಾಸ್ 2017ರಿಂದ ಹೊರಬರುತ್ತಿರುವುದು ಇಲ್ಲಿನ ಕಾರ್ಖಾನೆಯಿಂದಲೇ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಮೂರನೇ ಹಂತದ ಸುಮಾರು 297 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ತಯಾರಿಕೆಯ ಕ್ಲಸ್ಟರ್ ಘೋಷಿಸಿದ ಮೇಲಂತೂ ಹೆದ್ದಾರಿಯ ಎರಡೂ ಬದಿ 'ಎನ್‌ಎ ಪ್ಲಾಟ್', '2 ಬಿಎಚ್‌ಕೆ' ಎಂಬ ಬೋರ್ಡುಗಳು ಕಬ್ಬಿನ ಹೊಲದ ನಡುವೆ ಎದ್ದು ನಿಂತಿವೆ.

ನಾನು ಇಲ್ಲಿನ ಒಂದು ಕಾರ್ಖಾನೆಯ ಐಟಿ ವಿಭಾಗದಲ್ಲಿದ್ದೇನೆ. ಏಳು ವರ್ಷ ಖರಾಡಿಯಲ್ಲಿ ಬಾಡಿಗೆಗಿದ್ದು ದಿನಾ ವಾಘೋಲಿ, ಕೋರೆಗಾಂವ ಭೀಮಾ, ಸಣಸವಾಡಿ, ಶಿಕ್ರಾಪುರಗಳ ಟ್ರಾಫಿಕ್ಕಿನಲ್ಲಿ ಕಂಪನಿ ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಓಡಾಡಿದವನು. ಮಗಳು ಮೂರನೇ ಇಯತ್ತೆಗೆ ಬಂದಳು, ಗದಗ ಕಡೆಯ ಹಳ್ಳಿಯಲ್ಲಿ ಒಬ್ಬರೇ ಇದ್ದ ಅವ್ವನನ್ನೂ ಕರೆತರಬೇಕಿತ್ತು. ಹಾಗಾಗಿ ಇಲ್ಲೇ ಎರಡು ಕಟ್ಟಡಗಳ, 48 ಫ್ಲ್ಯಾಟುಗಳ ಒಂದು ಹೊಸ ಸಂಕೀರ್ಣದಲ್ಲಿ ಮನೆ ಕೊಂಡೆವು. ನನ್ನ ಹೆಂಡತಿ ವಾರಕ್ಕೆ ಎರಡು ದಿನ ಖರಾಡಿಯ ಆಫೀಸಿಗೆ ಹೋಗಿ ಬರುತ್ತಾಳೆ.

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ಮರಾಠಿಯಲ್ಲೂ ಇದೆ. ಆದರೆ ಬೆಳೆಯುತ್ತಿರುವ ಹೊರವಲಯದಲ್ಲಿ ಫ್ಲ್ಯಾಟು ಕೊಂಡವರಿಗೆ ಆ ಗಾದೆ ಸಾಲದು. ಕೊಳ್ಳುವುದು ಒಂದು ಕೆಲಸ, ನೆಲೆಯಾಗುವುದು ಮತ್ತೊಂದು. ಎರಡನೆಯದು ಕೀಲಿಕೈ ಸಿಕ್ಕ ದಿನ ಶುರುವಾಗುತ್ತದೆ.

ಕಾಗದದ ಮರಾಠಿ

ಮೊದಲು ಕಾಗದಗಳ ಮಾತು. ಕರ್ನಾಟಕದಿಂದ ಬಂದವರಿಗೆ ಪಹಣಿ, ಖಾತೆ, ಇ-ಸ್ವತ್ತು ಗೊತ್ತು. ಇಲ್ಲಿ ಪಹಣಿಯ ಜಾಗದಲ್ಲಿ 'ಸಾತ್-ಬಾರಾ'. ಗ್ರಾಮ ನಮೂನೆ 7 ಮತ್ತು 12 ಸೇರಿದ ಉತಾರೆ ಅದು. ಒಡೆತನ ಬದಲಾದ ದಾಖಲೆಗೆ 'ಫೇರ್‌ಫಾರ್'. ಗುಂಟೆ ಮಾತ್ರ ಎರಡೂ ಕಡೆ ಒಂದೇ, 1,089 ಚದರ ಅಡಿ. 'ಭೋಗವಟಾ ಪ್ರಮಾಣಪತ್ರ' ಎಂಬ ಪದ ಕಂಡರೆ ಭೋಗ್ಯಕ್ಕೆ ಹಾಕಿದ ಮನೆ ಎಂದು ಗಾಬರಿಯಾಗಬೇಡಿ. ವಾಸಕ್ಕೆ ಯೋಗ್ಯ ಎಂದು ಪ್ರಾಧಿಕಾರ ಕೊಡುವ ಆಕ್ಯುಪೆನ್ಸಿ ಸರ್ಟಿಫಿಕೇಟಿನ ಮರಾಠಿ ಹೆಸರು ಅದು. ಅದಿಲ್ಲದ ಮನೆಗೆ ಕಾಲಿಡುವ ಮುಂಚೆ ಹತ್ತು ಸಲ ಯೋಚಿಸಿ.

ಹೆದ್ದಾರಿ ಬದಿಯಲ್ಲಿ ಒಂದು ಗುಂಟೆ, ಎರಡು ಗುಂಟೆ ಸೈಟು ಮಾರುವವರು ಬಹಳ ಮಂದಿ. ಮಹಾರಾಷ್ಟ್ರದಲ್ಲಿ 1947ರಿಂದ 'ತುಕಡೇಬಂದಿ' ಕಾಯ್ದೆ ಇದೆ. ಕೃಷಿಭೂಮಿಯನ್ನು ಚೂರು ಚೂರು ಮಾಡುವುದನ್ನು ತಡೆಯುವ ಕಾಯ್ದೆ. ಅದನ್ನು ದಾಟಲು ಒಂದೇ ಸಾತ್-ಬಾರಾದಲ್ಲಿ ಹತ್ತಾರು ಜನರ ಹೆಸರು ಹಾಕಿಸಿ ಮಾರುವುದುಂಟು. ಹಾಗೆ ಕೊಂಡಲ್ಲಿ ನಿಮ್ಮ ತುಂಡು ಯಾವುದು ಎಂದು ಬೆರಳು ಮಾಡಿ ತೋರಿಸುವುದು ಕಷ್ಟ. ಕಾಯ್ದೆಗೆ ಆಗಾಗ ತಿದ್ದುಪಡಿಗಳೂ ಆಗುತ್ತವೆ. ನಿಮ್ಮ ಜಾಗಕ್ಕೆ ಯಾವುದು ಅನ್ವಯ ಎಂದು ದಲ್ಲಾಳಿಯನ್ನು ಕೇಳಬೇಡಿ, ವಕೀಲರನ್ನು ಕೇಳಿ.

ಫ್ಲ್ಯಾಟಿಗೆ ರೇರಾ ಇದೆ. 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆ ನೋಂದಣಿಯಾಗಲೇಬೇಕು. ಮನೆ ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಪಡಿಸಬೇಕು. ಇಲ್ಲಿಯ ನೆಲ ಅಲ್ಲಲ್ಲಿ ನಮ್ಮ ಗದಗ, ಧಾರವಾಡದ ಹಾಗೇ ಎರೆ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಹೊಸ ಗಿಲಾಯಿಯ ಮೇಲೆ ಕೂದಲೆಳೆಯಂಥ ಬಿರುಕು ಬಂದರೆ ಅದು ಒಣಗುವ ಲಕ್ಷಣ. ಆದರೆ ಬೀಮು, ಕಂಬಗಳ ಮೇಲೆ ಬಂದರೆ, ಅಥವಾ ಗೋಡೆಯ ಬಿರುಕು ದಿನೇ ದಿನೇ ಅಗಲವಾದರೆ, ಫೋಟೋ ತೆಗೆದು ತಾರೀಖು ಹಾಕಿ ಬರವಣಿಗೆಯಲ್ಲೇ ದೂರು ಕೊಡಿ. ಬಾಯಿಮಾತು ಐದು ವರ್ಷ ಬಾಳುವುದಿಲ್ಲ.

"ಈ ನೀರು ಯಾವ ಬಾವೀದು?"

ಕಾಗದ ಸರಿಯಿತ್ತು, ಗೋಡೆ ಗಟ್ಟಿಯಿತ್ತು. ಹಾಲು ಉಕ್ಕಿಸಿದೆವು, ಹೋಳಿಗೆ ಉಂಡೆವು. ಮಾರ್ಚ್ ಕೊನೆಗೆ ಬೋರು ಕೈಕೊಟ್ಟಿತು.

ಪುಣೆಯ ಪಶ್ಚಿಮಕ್ಕೆ ಸಹ್ಯಾದ್ರಿ ಮೋಡಗಳನ್ನೆಲ್ಲ ಹಿಂಡಿಬಿಡುತ್ತದೆ. ಶಿರೂರು ತಾಲೂಕು ಇರುವುದು ಮಳೆ ನೆರಳಿನಲ್ಲಿ. ನೆಲದಡಿ ಕಪ್ಪು ಬಸಾಲ್ಟ್ ಬಂಡೆ. ನೀರು ನಿಲ್ಲುವುದು ಮೇಲಿನ ಸವೆದ ಪದರದಲ್ಲಿ ಮತ್ತು ಬಂಡೆಯ ಸಂದುಗಳಲ್ಲಿ ಮಾತ್ರ. ಆಳಕ್ಕೆ ಕೊರೆದಷ್ಟೂ ನೀರು ಹೆಚ್ಚು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಏಪ್ರಿಲಿನಿಂದ ಜೂನ್ ಮಧ್ಯದ ತನಕ ನಮ್ಮ ಸಂಕೀರ್ಣಕ್ಕೆ ದಿನಕ್ಕೆ 10,000 ಲೀಟರಿನ ಎರಡು ಟ್ಯಾಂಕರ್ ಬೇಕಾದವು. ಸುಮಾರು 75 ದಿನ, 150 ಟ್ಯಾಂಕರ್.

ನಾವೆಲ್ಲ ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತದೆ, ರೇಟು ಎಷ್ಟು ಎಂದು ವಾಟ್ಸಾಪಿನಲ್ಲಿ ಜಗಳಾಡುತ್ತಿದ್ದಾಗ ಅವ್ವ ಡ್ರೈವರನನ್ನು ತನ್ನ ಹರಕು ಮರಾಠಿಯಲ್ಲಿ ಬೇರೆಯೇ ಕೇಳಿದಳು: "ಈ ನೀರು ಯಾವ ಬಾವೀದಪಾ?" ಎರಡು ಕಿ.ಮೀ. ಆಚೆಯ ಹೊಲದ ಬಾವಿ ಎಂದ. ಆ ಹೊಲದ ಮನೆಯ ಆಜಿ ನಮ್ಮ ಗೇಟಿನ ಮುಂದೆ ಮೆಂತ್ಯೆ, ಕೊತ್ತಂಬರಿ ಮಾರಲು ಬರುವವಳು. ಅವ್ವನಿಗೂ ಅವಳಿಗೂ ಆಗಲೇ ಪರಿಚಯವಾಗಿತ್ತು. ಇಬ್ಬರೂ ಪರಸ್ಪರ 'ಅಕ್ಕಾ' ಎನ್ನುತ್ತಾರೆ, ಆ ಪದ ಎರಡೂ ಭಾಷೆಯಲ್ಲಿ ನಡೆಯುತ್ತದೆ. ಶೇಂಗಾ ಅಂದರೆ ಇಬ್ಬರಿಗೂ ತಿಳಿಯುತ್ತದೆ. ಅಲ್ಲಿಂದ ಮುಂದಕ್ಕೆ ಕೈಸನ್ನೆ.

ಒಂದು ಭಾನುವಾರ ಅವ್ವನ ಜೊತೆ ನಾನೂ ಆ ಹೊಲಕ್ಕೆ ಹೋದೆ. ಕಲ್ಲು ಕಟ್ಟಿದ ಅಗಲವಾದ ಬಾವಿ, ತಳದಲ್ಲಿ ನೀರು. ಆಜಿಯ ಮಗ ಆ ಬೇಸಿಗೆ ಈರುಳ್ಳಿಯನ್ನು ಅರ್ಧಕ್ಕರ್ಧ ಕಡಿಮೆ ಮಾಡಿದ್ದ. ಈರುಳ್ಳಿಗೆ ಯಾವಾಗ ಯಾವ ರೇಟು ಎಂದು ಹೇಳಲಾಗದು, ಟ್ಯಾಂಕರಿನವನು ಮಾತ್ರ ಕೈಗೆ ನಗದು ಇಡುತ್ತಾನೆ ಎಂದ. ಅವನ ಮಾತಿನಲ್ಲಿ ದೂರಿರಲಿಲ್ಲ, ಲೆಕ್ಕವಿತ್ತು. ಆದರೆ ಬಾವಿ ಹೀಗೆ ಬೇಗ ತಳ ಕಂಡದ್ದು ತಾನು ನೋಡಿದ್ದು ಇದೇ ಮೊದಲು ಎಂದು ಆಜಿ ಹೇಳಿದಳು. ಬರುವಾಗ ದಾರಿಯಲ್ಲಿ ಅವ್ವ, "ಅವರ ಉಳ್ಳಾಗಡ್ಡಿ ನೀರಿನ್ಯಾಗ ನಾವು ಅರಿವಿ ಒಗ್ಯಾಕತ್ತೀವಿ" ಎಂದಳು. ಒಣಬೇಸಾಯದ ಮನೆಯಲ್ಲಿ ಹುಟ್ಟಿದವಳು, ಅವಳಿಗೆ ವಿವರಿಸಿ ಹೇಳಬೇಕಿರಲಿಲ್ಲ.

ಸೊಸೈಟಿಯ ಸಭೆ

ಕರ್ನಾಟಕದಲ್ಲಿ ಅಪಾರ್ಟ್‌ಮೆಂಟಿನವರು 1972ರ ಕಾಯ್ದೆಯಡಿ ಸಂಘ ಮಾಡಿಕೊಳ್ಳುವುದು ರೂಢಿ. ಇಲ್ಲಿ 1960ರ ಸಹಕಾರಿ ಸಂಘಗಳ ಕಾಯ್ದೆಯಡಿ ಹೌಸಿಂಗ್ ಸೊಸೈಟಿ. ಅರ್ಧಕ್ಕಿಂತ ಹೆಚ್ಚು ಮನೆ ಬುಕ್ ಆದ ಮೂರು ತಿಂಗಳಲ್ಲಿ ಸೊಸೈಟಿ ಮಾಡಿಕೊಡಲು ಬಿಲ್ಡರ್ ಹೆಜ್ಜೆ ಇಡಬೇಕು. ಆಮೇಲೆ ಜಾಗವನ್ನೂ ಕಟ್ಟಡವನ್ನೂ ಸೊಸೈಟಿಯ ಹೆಸರಿಗೆ ಬರೆದುಕೊಡಬೇಕು. ಬರೆದುಕೊಡದಿದ್ದರೆ 'ಮಾನೀವ ಅಭಿಹಸ್ತಾಂತರಣ' ಎಂಬ ದಾರಿಯುಂಟು. ಬಿಲ್ಡರ್ ಸಹಿ ಇಲ್ಲದೆಯೇ ಹಕ್ಕು ಪಡೆಯುವ ವ್ಯವಸ್ಥೆ ಅದು. ನಮ್ಮ ಸೊಸೈಟಿ ಹುಟ್ಟಿತು, ಮೊದಲ ಸಭೆ ಪಾರ್ಕಿಂಗಿನಲ್ಲಿ ಸೇರಿತು.

ಹೊಸ ಬಡಾವಣೆಗಳ ದೊಡ್ಡ ಸಮಸ್ಯೆ ಏನೆಂದು ಅಂದು ಎದುರಿಗೇ ಕಂಡಿತು. 48 ಮನೆಗಳಲ್ಲಿ ಜನ ಇದ್ದದ್ದು 29ರಲ್ಲಿ. ಉಳಿದವು ಹೂಡಿಕೆಗೆ ಕೊಂಡ, ಬೀಗ ಹಾಕಿದ ಮನೆಗಳು. ಅವುಗಳ ಮಾಲೀಕರು ಟ್ಯಾಂಕರಿನ ಖರ್ಚು ಏಕೆ ಕೊಡಬೇಕು? ಮಹಾರಾಷ್ಟ್ರದ ಮಾದರಿ ಉಪವಿಧಿಯ ಪ್ರಕಾರ ಸೇವಾ ಶುಲ್ಕ ಎಲ್ಲ ಮನೆಗೂ ಸಮ, ನೀರಿನ ಶುಲ್ಕ ನಲ್ಲಿಗಳ ಸಂಖ್ಯೆ ಮತ್ತು ಗಾತ್ರದ ಮೇಲೆ. ಬೀಗ ಹಾಕಿದ್ದರೂ ನಲ್ಲಿ ನಲ್ಲಿಯೇ. ಬಾಡಿಗೆಗೆ ಕೊಟ್ಟ ಮನೆಗೆ ಹೆಚ್ಚುವರಿ ಶುಲ್ಕ ಹಾಕಬಹುದು, ಆದರೆ ಸೇವಾ ಶುಲ್ಕದ ಶೇ. 10ಕ್ಕಿಂತ ಹೆಚ್ಚಿಲ್ಲ. ಈ ನಿಯಮಗಳನ್ನು ಓದಿ ಹೇಳಿದ ಮೇಲೆ ಕೂಗಾಟ ಅರ್ಧ ಇಳಿಯಿತು. ಸಭೆ ನಡೆದದ್ದು ಮರಾಠಿಯಲ್ಲಿ. ಒಡಿಶಾ, ಬಿಹಾರದ ನಾಲ್ಕು ಮನೆಯವರು ಸುಮ್ಮನೆ ಕೂತಿದ್ದರು. ನಾನು ಪ್ರತಿ ವಿಷಯವನ್ನೂ ಹಿಂದಿಯಲ್ಲಿ ಹೇಳುತ್ತಾ ಹೋದೆ. ಖರ್ಚಿನಲ್ಲಿ ಪಾಲಿದ್ದ ಮೇಲೆ ಮಾತಿನಲ್ಲೂ ಪಾಲಿರಬೇಕಲ್ಲ.

ಅಂದಿನ ಇನ್ನೊಂದು ವಿಷಯ, ಇದ್ದ ಹಣದಲ್ಲಿ ಗೇಟಿಗೆ ಕಮಾನು ಕಟ್ಟಿಸುವುದೋ, ಮಳೆನೀರು ಇಂಗಿಸುವ ಗುಂಡಿ ಮಾಡಿಸುವುದೋ ಎಂಬುದು. 2020ರ ಡಿಸೆಂಬರಿನ ಏಕೀಕೃತ ನಿಯಮಾವಳಿಯಂತೆ 500 ಚದರ ಮೀಟರಿನ ಮೇಲಿನ ಜಾಗದ ಹೊಸ ಕಟ್ಟಡಕ್ಕೆ ಮಳೆನೀರು ಕೊಯ್ಲು ಕಡ್ಡಾಯ. ನಮ್ಮ ನಕ್ಷೆಯಲ್ಲೂ ಅದು ಇತ್ತು. ನೆಲದ ಮೇಲೆ ನೋಡಿದರೆ ಮಾಳಿಗೆಯ ಪೈಪುಗಳೆಲ್ಲ ಚರಂಡಿಗೆ ಸೇರಿದ್ದವು.

ನಾನು ಲೆಕ್ಕ ಮಾಡಿಕೊಂಡು ಹೋಗಿದ್ದೆ. ಎರಡು ಕಟ್ಟಡಗಳ ಮಾಳಿಗೆ ಸೇರಿ 600 ಚದರ ಮೀಟರ್. ವರ್ಷಕ್ಕೆ 500 ಮಿ.ಮೀ. ಮಳೆ ಎಂದಿಟ್ಟುಕೊಂಡು ಶೇ. 80ರಷ್ಟು ಹಿಡಿದರೆ 2,40,000 ಲೀಟರ್, ಅಂದರೆ 24 ಟ್ಯಾಂಕರ್. ನಮ್ಮ ಬೇಸಿಗೆಯ ಬೇಡಿಕೆಯ ಸುಮಾರು ಆರನೇ ಒಂದು ಭಾಗ. ಪವಾಡವೇನಲ್ಲ. ಒಬ್ಬರು ಸರಿಯಾಗಿಯೇ ಕೇಳಿದರು: "ಇಂಗಿಸಿದ ನೀರು ನಮ್ಮ ಬೋರಿಗೇ ಬರುತ್ತದೆ ಎಂದು ಏನು ಖಾತ್ರಿ? ನಮ್ಮ ದುಡ್ಡಿನಲ್ಲಿ ಊರವರ ಬಾವಿ ತುಂಬಿಸುವುದೇ?"

ಖಾತ್ರಿ ಇರಲಿಲ್ಲ, ಹಾಗೆಂದೇ ಹೇಳಿದೆ. ಉತ್ತರ ಕೊಟ್ಟವರು ಕೆಳಮನೆಯ ಕಾಕಾ, ಪಕ್ಕದ ಕಾರೇಗಾಂವದಲ್ಲಿ ಹೊಲ ಮಾಡಿ ಮಗನ ಜೊತೆ ಇಲ್ಲಿಗೆ ಬಂದವರು. "ಟ್ಯಾಂಕರು ನೀರು ಹುಟ್ಟಿಸುತ್ತದೇನು? ಅದು ತುಂಬುವುದು ಊರಿನ ಬಾವಿಯಲ್ಲೇ. ಬಾವಿ ಬತ್ತಿದ ವರ್ಷ ಕೈಯಲ್ಲಿ ದುಡ್ಡು ಹಿಡಿದು ಎಲ್ಲಿಗೆ ಹೋಗುತ್ತೀರಿ?" ಕಮಾನು ಮುಂದಕ್ಕೆ ಹೋಯಿತು. ಬಹುಮತ ಬಂದದ್ದು ಕೂದಲೆಳೆಯ ಅಂತರದಲ್ಲಿ, ಆದರೂ ಬಂತು.

ಮೇ ತಿಂಗಳಲ್ಲಿ ಕೆಲಸ ಮುಗಿಸಿದೆವು. ಮಾಳಿಗೆಯ ನೀರು ಮಾತ್ರ ಗುಂಡಿಗೆ, ಅಂಗಳದ ನೀರು ಬೇಡ. ಎಣ್ಣೆ, ಹೊಲಸು ಸೇರಿರುತ್ತದೆ. ಮೊದಲೆರಡು ಮಳೆಯನ್ನು ಹೊರಕ್ಕೆ ಬಿಡಬೇಕು, ಆಮೇಲಿನದು ಜಲ್ಲಿ, ಮರಳಿನ ಪದರ ದಾಟಿ ಇಳಿಯಬೇಕು. ಪ್ರತಿ ವರ್ಷ ಮಳೆಗಾಲದ ಮುಂಚೆ ಆ ಮರಳು ತೊಳೆಯದಿದ್ದರೆ ಗುಂಡಿ ಸೊಳ್ಳೆಯ ಮನೆಯಾಗುತ್ತದೆ. ಆ ಕೆಲಸದ ಜವಾಬ್ದಾರಿ ಈಗ ನನ್ನದು. ಬೋರು ಮುಂದಿನ ಬೇಸಿಗೆಗೆ ಎಷ್ಟು ದಿನ ಹೆಚ್ಚು ಬಾಳುತ್ತದೋ ಬೇಸಿಗೆಯೇ ಹೇಳಬೇಕು.

ಕೊಳ್ಳುವವರಿಗೆ ಒಂದು ಮಾತು

ಬೆಂಗಳೂರಿನ ಹೊರವಲಯದಲ್ಲಿ, ಹೈದರಾಬಾದಿನ ಅಂಚಿನಲ್ಲಿ, ಮುಂಬಯಿಯಾಚೆಯ ಹೊಸ ಊರುಗಳಲ್ಲಿ ಮನೆ ನೋಡುತ್ತಿರುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಈಜುಕೊಳ ಇದೆಯೇ, ಮೆಟ್ರೋ ಬರುತ್ತದೆಯೇ ಎಂದು ಬಿಲ್ಡರನನ್ನು ಕೇಳಿ, ತಪ್ಪಿಲ್ಲ. ಜೊತೆಗೆ ಮೂರು ಪ್ರಶ್ನೆ ಸೇರಿಸಿ. ಏಪ್ರಿಲಿನಲ್ಲಿ ನೀರು ಎಲ್ಲಿಂದ ಬರುತ್ತದೆ? ಎಷ್ಟು ಮನೆಗಳಲ್ಲಿ ರಾತ್ರಿ ದೀಪ ಉರಿಯುತ್ತದೆ? ಮಾಳಿಗೆಯ ಪೈಪು ಎಲ್ಲಿಗೆ ಹೋಗಿ ಸೇರುತ್ತದೆ? ಇವಕ್ಕೆ ಉತ್ತರ ಬ್ರೋಷರಿನಲ್ಲಿ ಇರುವುದಿಲ್ಲ. ಸಂಜೆ ಹೊತ್ತು ಹೋಗಿ ಗೇಟಿನ ಮುಂದೆ ಸೊಪ್ಪು ಮಾರುವವರನ್ನು ಕೇಳಿದರೆ ತಿಳಿಯುತ್ತದೆ.

ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯಿಂದ ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಮಗಳು ನನಗಿಂತ ಚೆನ್ನಾಗಿ ಮಾತಾಡುತ್ತಾಳೆ, ಕನ್ನಡವನ್ನು ಅವ್ವನ ಹತ್ತಿರ ಕಲಿಯುತ್ತಾಳೆ. ಅವ್ವ ಮಾತ್ರ ಯಾವ ಕಾಯ್ದೆಯೂ ಇಲ್ಲದೆ ಊರಿನವಳಾಗಿಬಿಟ್ಟಿದ್ದಾಳೆ. ನಾವು ಈ ಊರಿಗೆ ಬಂದೆವು ಎಂದುಕೊಳ್ಳುತ್ತೇವೆ. ಊರು ನಮಗಿಂತ ಮುಂಚೆಯೇ ಇಲ್ಲಿತ್ತು, ಅದರ ಬಾವಿಯೂ ಇತ್ತು, ಹೊಲವೂ ಇತ್ತು. ಅದನ್ನು ಲೆಕ್ಕಕ್ಕೆ ತಗೊಂಡ ಮೇಲೆಯೇ ನಮ್ಮ ಮನೆಯ ಸಾಲದ ಕಂತಿನಾಚೆಗೂ ಇಲ್ಲಿ ನಮ್ಮದೇನೋ ಇದೆ ಅನ್ನಿಸಲು ಶುರುವಾದದ್ದು.