ಮನೆಯಲ್ಲಿ ಗ್ರಂಥವಾಚನ

ಶ್ರಾವಣಮಾಸದಲ್ಲಿ ಪುರಾಣ ಹಚ್ಚುವ ಪದ್ಧತಿಯು ನಮ್ಮ ಸೀಮೆಗೆ ಹೊಸದಲ್ಲ. ಗುಡಿಯಲ್ಲಿಯೋ ಮಠದಲ್ಲಿಯೋ ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರವರು ಕಂಬಳಿ ಹೊದ್ದು ಕುಳಿತು ಕೇಳುವುದು. ಈ ರೀತಿಯಿಂದ ಅಕ್ಷರ ಬಾರದವರಿಗೂ ಗ್ರಂಥಗಳ ಪರಿಚಯವಾಗುತ್ತಿದ್ದಿತು. ಕಳೆದ ಶ್ರಾವಣದಲ್ಲಿ ನಾವು ಈ ಪದ್ಧತಿಯನ್ನು ಆನಗೋಡಿನ ನಮ್ಮ ಮನೆಯೊಳಕ್ಕೆ ತಂದು ತಿಂಗಳ ಪರ್ಯಂತ ನಡೆಯಿಸಿದೆವು. ಅಲ್ಲಿ ಕಂಡುಬಂದ ಸಂಗತಿಗಳು ಒಂದು ಮನೆಗೆ ಮಾತ್ರ ಸಂಬಂಧಿಸಿದವೆಂದು ತೋರದುದರಿಂದ ಅವನ್ನು ವಾಚಕರ ಮುಂದಿಡುತ್ತಿರುವೆವು.

ಓದಿಗೆ ಆರಿಸಿಕೊಂಡ ಗ್ರಂಥವು ತ.ರಾ.ಸು. ಅವರ ‘ದುರ್ಗಾಸ್ತಮಾನ’. ಅವರು 1920ರಲ್ಲಿ ಜನಿಸಿದುದು ಹರಿಹರ ತಾಲ್ಲೂಕಿನ ಮಲೆಬೆನ್ನೂರಿನಲ್ಲಿ. ಕಾಲೇಜನ್ನು ಬಿಟ್ಟು ಸ್ವಾತಂತ್ರ್ಯದ ಚಳವಳಿಗೆ ಇಳಿದವರು, ಪತ್ರಿಕೆಗಳಲ್ಲಿ ದುಡಿದವರು. ಈ ಕಾದಂಬರಿಗೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಅದನ್ನು ಸ್ವೀಕರಿಸಲು ಅವರಿರಲಿಲ್ಲ. ಹಿಂದಿನ ವರ್ಷವೇ ಕಾಲವಾಗಿದ್ದರು. ಕಥಾವಸ್ತುವಾದರೋ 1779ರಲ್ಲಿ ಹೈದರಾಲಿಯ ವಶವಾದ ಚಿತ್ರದುರ್ಗದ್ದು. ದಾವಣಗೆರೆ ಜಿಲ್ಲೆಯು 1997ರಲ್ಲಿ ಬೇರೆಯಾಗುವವರೆಗೆ ನಾವೂ ಆ ಜಿಲ್ಲೆಯವರೇ. ನಮ್ಮೂರ ಹೆದ್ದಾರಿಯಲ್ಲಿ ಮೆಕ್ಕೆಜೋಳ ಹೊತ್ತು ಬೆಂಗಳೂರ ಕಡೆಗೆ ಸಾಗುವ ಲಾರಿಗಳು ಆ ಕೋಟೆಯ ಮಗ್ಗುಲಿನಿಂದಲೇ ಹೋಗತಕ್ಕವು. ನೆರೆಯ ಮಾಯಕೊಂಡದ ಯುದ್ಧದಲ್ಲಿ 1748ರಲ್ಲಿ ಹಿರೇ ಮದಕರಿನಾಯಕನು ಮಡಿದನೆಂಬುದು, ಅಲ್ಲಿಗೆ ಬಸ್ಸಿನಲ್ಲಿ ಹೋಗಿಬರುವ ನಮ್ಮವರಲ್ಲಿ ಎಷ್ಟು ಮಂದಿಗೆ ತಿಳಿದೀತು?

ಕೇಳುವವರಲ್ಲಿ ಮೊದಲಿಗರು ನಮ್ಮ ಮಾತೃಶ್ರೀಯವರು. ವಯಸ್ಸು ಎಂಬತ್ತು ದಾಟಿದೆ. ಅಕ್ಷರ ಕಲಿತವರಲ್ಲ. ಆದರೆ ತವರುಮನೆಯಲ್ಲಿ ಕಿವಿಯಿಂದಲೇ ಕಲಿತ ಲಕ್ಷ್ಮೀಶನ ಜೈಮಿನಿ ಭಾರತದ ಪದ್ಯಗಳು ಇಂದಿಗೂ ಅವರ ಬಾಯಲ್ಲಿವೆ. ನಮ್ಮ ಮನೆಯವರು ತ.ರಾ.ಸು. ಅವರನ್ನು ಅರಿತದ್ದು 1972ರ ‘ನಾಗರಹಾವು’ ಚಲನಚಿತ್ರದ ಮೂಲಕ. ಇನ್ನು ಮಗಳು. ಇಂಗ್ಲಿಷ್ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವಳು, ವಾರಕ್ಕೆ ಎರಡು ಇಂಗ್ಲಿಷ್ ಪುಸ್ತಕಗಳನ್ನು ಓದಬಲ್ಲವಳು. ಅವಳ ಕೈಗೆ ಗ್ರಂಥವನ್ನು ಕೊಟ್ಟ ಮೊದಲ ರಾತ್ರಿ ಒಂದು ಪುಟಕ್ಕೆ ಕಾಲು ಗಂಟೆ ಹಿಡಿಯಿತು. ಒತ್ತಕ್ಷರಗಳಲ್ಲಿ ತಡವರಿಸುವಳು, ಬತೇರಿ, ಕೊತ್ತಲ, ದಳವಾಯಿ ಎಂಬಲ್ಲಿ ನಿಂತೇಬಿಡುವಳು. ಅರ್ಥ ಹೇಳಿದವರು ಅಜ್ಜಿ! “ಯುದ್ಧದ ಮಾತನ್ನ ಹಿಂಗೆ ಪಿಸುಗುಟ್ಟಿ ಓದಿದರೆ ಕುದುರೆ ಏಳತಾವೇನವ್ವಾ?” ಎಂದು ಒಂದೆರಡು ಸಲ ಗದರಿಸಿದ್ದೂ ಉಂಟು. ಅಕ್ಷರ ಬಾರದವರು ಅರ್ಥ ಹೇಳುವುದು, ಅಕ್ಷರ ಬಲ್ಲವಳು ಅರ್ಥ ಕೇಳುವುದು. ಎರಡೇ ತಲೆಮಾರುಗಳಲ್ಲಿ ಒದಗಿದ ಈ ವಿಪರ್ಯಾಸವನ್ನು ವಿದ್ಯಾಭಿವೃದ್ಧಿಯ ಲೆಕ್ಕದಲ್ಲಿ ಯಾವ ಕಡೆಗೆ ಬರೆಯಬೇಕೋ, ವಿದ್ಯಾಧಿಕಾರಿಗಳೇ ಹೇಳಬೇಕು.

ಇದೇ ಮಗಳು ಬಾನು ಮುಷ್ತಾಕರ ಕಥೆಗಳನ್ನು ಇಂಗ್ಲಿಷಿನಲ್ಲಿಯೇ ಓದಿದ್ದಳು. ದೀಪಾ ಭಾಸ್ತಿಯವರ ಆ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದುದು ಕನ್ನಡಿಗರೆಲ್ಲರಿಗೂ ಹೆಮ್ಮೆಯ ವಿಷಯವೇ ಸರಿ. ಹಾಸನದಲ್ಲಿ ಹುಟ್ಟಿದ ಕಥೆಯು ಲಂಡನ್ನಿಗೆ ಹೋಗಿ ಮನ್ನಣೆ ಪಡೆದು ಆನಗೋಡಿಗೆ ಬರುವುದು ಸಂತೋಷವೇ. ಆದರೆ ಹಾಸನದಿಂದ ಆನಗೋಡಿಗೆ ನೆಟ್ಟಗಿನ ದಾರಿಯೂ ಒಂದಿದೆಯಷ್ಟೆ. ಮೂರನೆಯ ವಾರದಲ್ಲಿ, ಓದು ಸರಾಗವಾದ ಮೇಲೆ, ಅವಳೇ ಆ ಕಥೆಗಳ ಕನ್ನಡ ಮೂಲವನ್ನು ತರಿಸಿಕೊಡಿರೆಂದಳು.

ಒಬ್ಬೊಬ್ಬರೇ ಮೌನವಾಗಿ ಓದುವುದನ್ನು ನಾವು ಹಳಿಯುವುದಿಲ್ಲ. ಕೈಯಲ್ಲಿಯ ಫೋನಿನೊಳಗೂ ಓದು ಇದ್ದೇ ಇದೆ. ಆದರೆ ಮೌನದ ಓದಿನಲ್ಲಿ ವಾದವಿಲ್ಲ. ಮರಾಠರಿಗೂ ಹೈದರನಿಗೂ ನಡುವೆ ಸಿಕ್ಕ ಮದಕರಿಯು ಯಾರನ್ನು ನಂಬಬೇಕಾಗಿತ್ತೆಂದು ಒಂದು ರಾತ್ರಿ ಎದ್ದ ಚರ್ಚೆಯಲ್ಲಿ ಊಟವು ಆರಿಹೋಯಿತು. ಹಣ ಕೊಟ್ಟಾದರೂ ಜನವನ್ನು ಉಳಿಸಿಕೊಳ್ಳಬೇಕಿತ್ತೆಂದು ನಮ್ಮ ಮನೆಯವರ ಪಕ್ಷ. ಮಗನದು ಅದಕ್ಕೆ ತೀರ ವಿರುದ್ಧ. ಸಂಪಾದಕರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಗ್ರಂಥಗಳು ದೊರೆಯುವ ಬಗೆಯನ್ನೂ ಇಲ್ಲಿ ಹೇಳಬೇಕು. 1965ರ ಕಾಯಿದೆಯ ಮೇರೆಗೆ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಜನರು ತೆರುತ್ತಿರುವರು. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ‘ಅರಿವು ಕೇಂದ್ರ’ವೆಂಬ ಹೆಸರನ್ನು ಪಡೆದಿವೆ. ಹೆಸರು ಒಳ್ಳೆಯದು. ಸಂಜೆ ಒಂದು ಗಂಟೆ ಅಲ್ಲಿ ಯಾರಾದರೂ ಗಟ್ಟಿಯಾಗಿ ಓದುವಂತೆಯೂ, ಹೊಲದಿಂದ ಬಂದವರು ಕುಳಿತು ಕೇಳುವಂತೆಯೂ ಏರ್ಪಾಡು ಮಾಡಲು ಹೊಸ ಅನುದಾನ ಬೇಕಾಗಿಲ್ಲ. ಓದಬಲ್ಲ ಹುಡುಗರು ಪ್ರತಿ ಊರಿನಲ್ಲಿಯೂ ಇರುವರು. ತಾಲ್ಲೂಕಿನ ಅಧಿಕಾರಿಗಳು ಒಂದು ಹೋಬಳಿಯಲ್ಲಾದರೂ ಇದನ್ನು ಪರೀಕ್ಷಿಸಿ ನೋಡಲೆಂದು ಕೋರುತ್ತೇವೆ.

ಶ್ರಾವಣವು ಮುಗಿದರೂ ನಮ್ಮ ಗ್ರಂಥವು ಮುಗಿಯಲಿಲ್ಲ. ದೊಡ್ಡ ಪುಸ್ತಕ, ಕೊನೆಯ ಮುತ್ತಿಗೆಗೆ ಇನ್ನೂ ಕೆಲವು ರಾತ್ರಿಗಳ ಓದು ಉಳಿದಿತ್ತು. ಗೌರಿಹಬ್ಬವು ಕಳೆಯುವವರೆಗೆ ನಮ್ಮ ಮನೆಯಲ್ಲಿ ದುರ್ಗವು ಬೀಳಕೂಡದೆಂದು ಮಾತೃಶ್ರೀಯವರು ಅಪ್ಪಣೆ ಮಾಡಿದ್ದರಿಂದ, ಪುಸ್ತಕದಲ್ಲಿ ಗುರುತಿನ ಚೀಟಿಯಿಟ್ಟು ದೇವರ ಗೂಡಿನ ಪಕ್ಕದಲ್ಲಿ ಎತ್ತಿಟ್ಟೆವು.