ಒಂದು ಟ್ಯೂಬು ಗಾಳಿ

ಬೆಳಗಿನ ಐದೂವರೆ. ಕೆಂಗೇರಿ ಉಪನಗರ ದಾಟಿ ದೊಡ್ಡಾಲದ ಮರದ ಕಡೆ ಹೊರಳುವ ದಾರಿಯ ಪಕ್ಕದಲ್ಲೊಂದು ಕೆರೆ. ಏರಿಯ ಮೇಲೆ ಇನ್ನೂ ಕತ್ತಲು, ನೀರಿನ ಮೇಲೆ ಮಾತ್ರ ಬೂದಿಬಣ್ಣದ ಬೆಳಕು. ಒಂದು ಟಿವಿಎಸ್ ಎಕ್ಸ್‌ಎಲ್ ಬಂದು ನಿಲ್ಲುತ್ತದೆ. ಹಿಂದೆ ಹಗ್ಗ ಹಾಕಿ ಬಿಗಿದ ದೊಡ್ಡದೊಂದು ಕಪ್ಪು ಬಳೆ. ಅದು ಲಾರಿ ಟ್ಯೂಬು. ಈ ಕೆರೆಯ ದೋಣಿ ಅದೇ.

ಐವತ್ತರ ಆಸುಪಾಸಿನ ಆ ಮನುಷ್ಯ ಟ್ಯೂಬನ್ನು ಇಳಿಸಿ, ಹೆಬ್ಬೆರಳಿನಿಂದ ಸುತ್ತಲೂ ಒತ್ತಿ ನೋಡುತ್ತಾರೆ, ಮಾವಿನಹಣ್ಣು ನೋಡಿದ ಹಾಗೆ. 'ತಣ್ಣೀರಿಗೆ ಬಿದ್ದರೆ ಸ್ವಲ್ಪ ಮೆತ್ತಗಾಗುತ್ತೆ ಸಾರ್. ಅದಕ್ಕೆ ಒಂಚೂರು ಬಿಗಿಯಾಗೇ ಹೊಡೆಸ್ಕೊಂಡು ಬರ್ತೀನಿ. ಬಿಸಿಲು ಏರೋ ಹೊತ್ತಿಗೆ ಮತ್ತೆ ಉಬ್ಬಿಕೊಳ್ಳುತ್ತೆ, ಆಗ ಹುಷಾರಾಗಿರಬೇಕು.' ತಂಪಿಗೆ ಕುಗ್ಗುವ, ಬಿಸಿಗೆ ಹಿಗ್ಗುವ ಗಾಳಿಯ ಗುಣವನ್ನು ಹೆಬ್ಬೆರಳೇ ಅಳೆದುಕೊಡುತ್ತದೆ.

ಟ್ಯೂಬಿನ ನಡುವಿನ ತೂತಿಗೆ ನೈಲಾನ್ ಹಗ್ಗವನ್ನು ಅಡ್ಡಡ್ಡ ಹೆಣೆದಿದ್ದಾರೆ, ಹಳೆಯ ಹಗ್ಗದ ಮಂಚದಂತೆ. ಅದರ ಮೇಲೆ ಮಡಿಸಿದ ಗೊಬ್ಬರದ ಚೀಲ. ಅದೇ ಪೀಠ. ಎರಡು ಅಂಗೈ ಅಗಲದ ಮರದ ತುಂಡುಗಳು ಹುಟ್ಟು. ಮೀನು ತುಂಬಲು ಪಕ್ಕಕ್ಕೆ ಕಟ್ಟಿದ ಇನ್ನೊಂದು ಚೀಲ. ನೀರಿಗಿಳಿಯುವ ಮುನ್ನ ಬೊಗಸೆ ನೀರು ಮುಟ್ಟಿ ಹಣೆಗೊತ್ತಿಕೊಂಡು 'ಗಂಗಮ್ಮ' ಎನ್ನುತ್ತಾರೆ. ಆಮೇಲೆ ಹಿಮ್ಮುಖವಾಗಿ ಕೂತು, ಕಾಲು ಎರಡನ್ನೂ ನೀರಿಗೆ ಇಳಿಬಿಟ್ಟು, ಮೆಲ್ಲಗೆ ಒಂದು ತಳ್ಳು. ಸದ್ದೇ ಇಲ್ಲ. ಜೊಂಡಿನ ಅಂಚಿನಲ್ಲಿದ್ದ ಬೆಳ್ಳಕ್ಕಿಯೂ ಏಳುವುದಿಲ್ಲ.

ತೆಪ್ಪವಿದ್ದರೆ ಇಬ್ಬರು ಕೂರಬಹುದು, ಹೆಚ್ಚು ಬಲೆ ಒಯ್ಯಬಹುದು. ಕಾವೇರಿಯಲ್ಲಿ, ತುಂಗಭದ್ರೆಯಲ್ಲಿ ಬಿದಿರಿನ ಹರಿಗೋಲು ಇಂದಿಗೂ ಓಡುತ್ತದೆ. ಆದರೆ ನಗರದಂಚಿನ ಕೆರೆಯಲ್ಲಿ ತೆಪ್ಪವನ್ನು ಎಲ್ಲಿ ಕಟ್ಟಿಡುವುದು? ರಾತ್ರಿ ಯಾರು ಕಾಯುವುದು? ಟ್ಯೂಬಾದರೆ ಮನೆಗೇ ಬರುತ್ತದೆ. ಗಾಳಿ ಬಿಟ್ಟರೆ ಮಂಚದಡಿ ಸೇರುತ್ತದೆ. ಮೊಣಕಾಲುದ್ದದ ನೀರಿದ್ದರೂ ತೇಲುತ್ತದೆ.

ಗಾಳಿಯನ್ನು ಕಟ್ಟಿ ಅದರ ಮೇಲೆ ತೇಲುವ ಉಪಾಯ ಬಹಳ ಹಳೆಯದು. ಕ್ರಿ.ಪೂ. 9ನೇ ಶತಮಾನದ ಅಸಿರಿಯಾದ ನಿಮ್ರೂದ್ ಅರಮನೆಯ ಕಲ್ಲಿನ ಕೆತ್ತನೆಯಲ್ಲಿ, ಊದಿದ ತೊಗಲಿನ ಚೀಲವನ್ನು ಅವುಚಿಕೊಂಡು ಜನ ನದಿ ದಾಟುತ್ತಾರೆ. ಆ ಕಲ್ಲು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 1840ರ ದಶಕದಲ್ಲಿ ಪೀಟರ್ ಹಾಲ್ಕೆಟ್ ಎಂಬ ಇಂಗ್ಲಿಷ್ ನೌಕಾಧಿಕಾರಿ, ಮೈಮೇಲೆ ಹೊದ್ದರೆ ಮಳೆ ತಡೆಯುವ ಮೇಲಂಗಿ, ಊದಿದರೆ ದೋಣಿ ಆಗುವ ರಬ್ಬರು ಬಟ್ಟೆಯೊಂದನ್ನು ಮಾಡಿದ. ನಮ್ಮ ಹಳ್ಳಿಯ ಬಾವಿಗಳಲ್ಲಿ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಈಜು ಕಲಿಸುತ್ತಿದ್ದರು. ಬುರುಡೆಯ ಜಾಗಕ್ಕೆ ಆಮೇಲೆ ಟ್ಯೂಬು ಬಂತು.

ಕೆರೆಯ ನಡುವೆ ಸಾಲಾಗಿ ಏನೋ ತೇಲುತ್ತಿದೆ. ಕಣ್ಣಿಟ್ಟು ನೋಡಿದರೆ ಹಳೆಯ ಹವಾಯಿ ಚಪ್ಪಲಿಯ ತುಂಡುಗಳು. ಬಲೆಯ ಬೆಂಡುಗಳು ಅವೇ. ಕೆಳಗೆ ಕಲ್ಲಿನ ಭಾರ, ನಡುವೆ ನೀರಿನಲ್ಲಿ ಪರದೆಯಂತೆ ನಿಂತ ಸಣ್ಣ ನೈಲಾನ್ ಎಳೆಯ ಬಲೆ. ನಿನ್ನೆ ಸಂಜೆ ಬಿಟ್ಟು ಹೋದದ್ದು. ಕತ್ತಲಲ್ಲಿ ಬಂದ ಮೀನು ಬಲೆಯ ಕಣ್ಣಿಗೆ ತಲೆ ತೂರಿಸಿದರೆ ಕಿವಿರು ಸಿಕ್ಕಿಕೊಳ್ಳುತ್ತದೆ, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅವರು ಒಂದು ತುದಿಯಿಂದ ಬಲೆಯನ್ನು ಎತ್ತುತ್ತ ಬರುತ್ತಾರೆ. ಬಲೆಯೇ ಅವರನ್ನು ಮುಂದಕ್ಕೆ ಎಳೆದುಕೊಂಡು ಹೋದಂತೆ ಕಾಣುತ್ತದೆ. ಒಂದು ಜಿಲೇಬಿ ಮೀನು, ಇನ್ನೊಂದು ಜಿಲೇಬಿ, ಬೆಳ್ಳಗೆ ಹೊಳೆಯುವ ರೋಹು. ಜಿಲೇಬಿಯನ್ನು ಬಿಡಿಸುವಾಗ ಕೈ ನಿಧಾನವಾಗುತ್ತದೆ. ಅದರ ಬೆನ್ನಿನ ಮುಳ್ಳು ಸೂಜಿಯಂತೆ. ಬೆರಳಿಗೆ ಚುಚ್ಚಿದರೆ ರಕ್ತ, ಟ್ಯೂಬಿಗೆ ಚುಚ್ಚಿದರೆ ಜೀವಕ್ಕೇ ಸಂಚಕಾರ.

ಅಂಗಡಿಯಲ್ಲಿ ಸಿಗುವ ಗಾಳಿದೋಣಿಗಳಲ್ಲಿ ಸಾಮಾನ್ಯವಾಗಿ ಎರಡು ಮೂರು ಪ್ರತ್ಯೇಕ ಕೋಣೆಗಳಿರುತ್ತವೆ. ಒಂದು ಒಡೆದರೂ ಉಳಿದವು ತೇಲಿಸುತ್ತವೆ. ಲಾರಿ ಟ್ಯೂಬಿಗೆ ಇರುವುದು ಒಂದೇ ಹೊಟ್ಟೆ. ಬಳ್ಳಾರಿ ಜಾಲಿಯ ಒಂದು ಮುಳ್ಳು, ಯಾರೋ ಎಸೆದ ಬಾಟಲಿಯ ಒಂದು ಚೂರು ಸಾಕು. ಮೈಮೇಲೆ ಲೈಫ್ ಜಾಕೆಟ್ ಇಲ್ಲ. ಇಂಥ ಮೀನುಗಾರರಿಗೆ ಅದನ್ನು ಬಲೆ, ಹಗ್ಗದಷ್ಟೇ ಅಗತ್ಯದ ಸಾಮಾನು ಎಂದು ಬಗೆದು ಒದಗಿಸಬೇಕು. ಕೆರೆಯ ಮೀನಿಗೆ ಗುತ್ತಿಗೆಯಿದ್ದರೆ ಸಾಲದು, ಹಿಡಿಯುವವನ ಜೀವಕ್ಕೆ ಕಾವಲೂ ಇರಬೇಕು.

ಬೆಳಕು ಹರಿಯಿತು. ಕೆರೆಯ ಮೂಡಣ ಮೂಲೆಯಲ್ಲಿ, ಚರಂಡಿ ನೀರು ಬಂದು ಸೇರುವ ಕಡೆ, ನೀರಿನ ಮೇಲ್ಮೈ ಮಳೆ ಬಿದ್ದ ಹಾಗೆ ಚುಕ್ಕಿಚುಕ್ಕಿಯಾಗಿದೆ. ಮಳೆಯಲ್ಲ, ಮೀನಿನ ಬಾಯಿ. ನೂರಾರು ಬಾಯಿಗಳು ಮೇಲೆ ಬಂದು ಗಾಳಿ ಗುಟುಕರಿಸುತ್ತಿವೆ. ಹಗಲಲ್ಲಿ ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿಯಿಡೀ ಪಾಚಿಯೂ ಕೊಳೆಯುವ ಕಸವೂ ಅದನ್ನೇ ತಿನ್ನುತ್ತವೆ. ಬೆಳಗಿನ ಜಾವಕ್ಕೆ ನೀರಿನ ಉಸಿರು ತೀರಾ ಕಡಿಮೆಯಾಗಿರುತ್ತದೆ. ಚರಂಡಿ ಹೆಚ್ಚಿದಷ್ಟೂ ಈ ಏದುಸಿರು ಹೆಚ್ಚು. ಒಂದು ದಿನ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತದೆ. ಆಗ ನಾವು ಮೂಗು ಮುಚ್ಚಿಕೊಂಡು ಬಂದು ನೋಡುತ್ತೇವೆ.

'ನಿಮಗೆ ಮೊದಲೇ ತಿಳಿಯುತ್ತದಾ ಅಣ್ಣ?' ಎಂದೆ.

'ಕಾಲಿಗೆ ಗೊತ್ತಾಗುತ್ತೆ ಸಾರ್. ಚರಂಡಿ ನೀರು ಜಾಸ್ತಿ ಬಂದ ದಿನ ನೀರು ಜಿಡ್ಡು ಜಿಡ್ಡು. ಮನೆಗೆ ಹೋದ್ಮೇಲೆ ರಾತ್ರಿಯೆಲ್ಲಾ ತುರಿಕೆ.'

ವಿಜಯನಗರದಿಂದ ಮೈಸೂರು ರಸ್ತೆ ಹಿಡಿದು ಬರುವಾಗ ನಾನು ಪ್ರತಿಸಲ ವೃಷಭಾವತಿ ಹೊಳೆಯ ಪಕ್ಕದಲ್ಲಿ ಕಾರಿನ ಗಾಜು ಏರಿಸುತ್ತೇನೆ. ಹೊಳೆ ನನಗೆ ಮೂಗಿನ ಸಂಗತಿ. ಕೆರೆಯೋ, ತಂತಿಬೇಲಿಯ ಈಚೆ ನಡಿಗೆಹಾದಿಯಿಂದ ಕಾಣುವ ನೋಟ. ಈ ಮನುಷ್ಯನಿಗೆ ಅದು ಚರ್ಮಕ್ಕೆ ತಾಗುವ ಸತ್ಯ. ಕೆರೆ ಹೇಗಿದೆ ಎಂದು ತಿಳಿಯಬೇಕಾದವರು ಮೊದಲು ಕೇಳಬೇಕಾದುದು ಇವರ ಕಾಲನ್ನು.

ಏಳು ಗಂಟೆಗೆ ದಡ. ಚೀಲದಲ್ಲಿ ನಾಲ್ಕೈದು ಕಿಲೋ ಮೀನು. ಏರಿಯ ಮೇಲೆ ಆಗಲೇ ಇಬ್ಬರು ಹೆಂಗಸರು ಸ್ಟೀಲ್ ಡಬ್ಬಿ ಹಿಡಿದು ಕಾದಿದ್ದಾರೆ. ವ್ಯಾಪಾರ ಮುಗಿದ ಮೇಲೆ ಈ ಅಣ್ಣ ಟ್ಯೂಬನ್ನು ಒರೆಸಿ, ತೇಪೆ ಹಾಕಿದ ಮೂರು ಜಾಗಗಳನ್ನು ಮುಟ್ಟಿ ನೋಡಿ, ಬಾಯಿಯ ಪಿನ್ನು ಒತ್ತುತ್ತಾರೆ. ಗಾಳಿ ಸುಯ್ಯೆಂದು ಹೊರಬರುತ್ತದೆ. ಸಂಜೆ ಪಂಕ್ಚರ್ ಅಂಗಡಿಯಲ್ಲಿ ಅದು ಮತ್ತೆ ತುಂಬುತ್ತದೆ, ಎರಡು ನಿಮಿಷದ ಕೆಲಸ.

ಮೂಲೆಯಲ್ಲಿ ಮೀನುಗಳು ಇನ್ನೂ ಬಾಯಿ ತೆರೆದೇ ಇವೆ.